ನಿಮಗಷ್ಟ ಕರದೀನಿ, ಯಾರಿಗೂ ಹೇಳಬ್ಯಾಡ್ರಿ

ಮೊನ್ನೆ ನಮ್ಮ ಶಾಲೆಯ ಸ್ಟಾಫ್ ರೂಮಿನ ಮೇಜಿನ ಮೇಲೆ ಒಂದು ಬುಟ್ಟಿ ಸೀತಾಫಲ ಬಂದು ಕೂತಿತ್ತು. ತಂದವರು ನಮ್ಮ ಹಿಂದಿ ಟೀಚರು. ನಮ್ಮ ಬಸವಕಲ್ಯಾಣದ ಕೋಟೆಯ ಆಚೆ ಅವರದೊಂದು ಸಣ್ಣ ತೋಟವಿದೆ. ಎಲ್ಲರೂ ತಿನ್ನಲಿ ಎಂದು ಪಾಪ, ಸೊಂಟದ ಮೇಲೆ ಹೊತ್ತು ತಂದಿದ್ದರು. ದೊಡ್ಡ ಬಿಡುವು ಮುಗಿಯುವಷ್ಟರಲ್ಲಿ ಬುಟ್ಟಿಯಲ್ಲಿ ಎಲೆ ಉಳಿದಿತ್ತು, ಮೇಜಿನ ತುಂಬ ಕರೀ ಬೀಜ. ನಮ್ಮ ಗಣಿತದ ಮಾಸ್ತರರು ಬೆರಳು ನೆಕ್ಕುತ್ತ, "ಈ ಸಲದ ಹಣ್ಣಿಗೆ ಸಿಹಿ ಸಾಲದು" ಎಂದು ತೀರ್ಪು ಕೊಟ್ಟರು. ಸಿಹಿ ಸಾಲದೆಂದು ಖಾತ್ರಿ ಮಾಡಿಕೊಳ್ಳಲು ಅವರಿಗೆ ನಾಲ್ಕು ಹಣ್ಣು ಬೇಕಾಗಿದ್ದವು. ತಂದವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಬೀಜ ಬಳಿಯುವವರು ಯಾರು ಎಂದು ಮಾತ್ರ ಕೇಳಿದರು.

ಸಂಜೆ ಹೊರಡುವಾಗ ಅದೇ ಹಿಂದಿ ಟೀಚರು ನನ್ನನ್ನು ಬಾಗಿಲ ಹಿಂದಕ್ಕೆ ಕರೆದು, ಸೆರಗಿನೊಳಗಿಂದ ಒಂದು ಹಣ್ಣು ತೆಗೆದರು. "ಅಕ್ಕಾರ, ಇದು ನಿಮಗಂತ ತೆಗದಿಟ್ಟೀನಿ. ಯಾರಿಗೂ ಹೇಳಬ್ಯಾಡ್ರಿ" ಎಂದರು. ಅದೇ ಬುಟ್ಟಿಯ ಹಣ್ಣು. ಒಂದು ಮಗ್ಗುಲು ಮೆತ್ತಗಾಗಿ ಕಪ್ಪಿಟ್ಟಿತ್ತು. ಮಧ್ಯಾಹ್ನ ಅದರ ಅಣ್ಣತಮ್ಮಂದಿರನ್ನು ತಿನ್ನುವಾಗ ಏನೂ ಅನಿಸದಿದ್ದ ನಾನು ಇದನ್ನು ಮಾತ್ರ ಕರವಸ್ತ್ರದಲ್ಲಿ ಸುತ್ತಿ ಚೀಲದೊಳಗೆ ಜೋಪಾನವಾಗಿ ಇಟ್ಟುಕೊಂಡೆ. ಮನೆಗೆ ಬಂದು ಯಜಮಾನರ ಮುಂದೆ ಆ ಹಿಂದಿ ಟೀಚರ ಗುಣಗಾನ ಮಾಡಿದ್ದೇ ಮಾಡಿದ್ದು. ಆಮೇಲೆ ಹಣ್ಣು ಬಿಡಿಸಿ ನೋಡಿದರೆ ಒಳಗೆ ಹುಳ. ಆದರೆ ಅಷ್ಟರಲ್ಲಿ ನಾನು ಋಣಕ್ಕೆ ಬಿದ್ದಾಗಿತ್ತು.

"ಯಾರಿಗೂ ಹೇಳಬ್ಯಾಡ್ರಿ" ಎಂಬ ಮಾತಿನ ಬೆಲೆ ನನಗೆ ಗೊತ್ತಾದಷ್ಟು ಬೇರೆ ಯಾರಿಗೂ ಗೊತ್ತಿರಲಿಕ್ಕಿಲ್ಲ. ಯಾಕೆಂದರೆ ನನ್ನ ಲಗ್ನ ಆದದ್ದೇ ಆ ಮಾತಿನಿಂದ. ನಗಬೇಡಿ, ಹೇಳುತ್ತೇನೆ.

ನನ್ನ ತವರು ಹುಮನಾಬಾದ್. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದರು. ಅವ್ವ, ನಾನು, ನನ್ನ ತಂಗಿ ಸುಮಿತ್ರಾ, ಕೊಡಂಬಲದ ಕಡೆ ಹೋಗುವ ದಾರಿಗೆ ಒಂದು ಹೊಲ, ಇಷ್ಟೇ ನಮ್ಮ ಸಂಸಾರ. ಅವ್ವನ ಹೆಸರು ಗುರಮ್ಮ. ಓಣಿಯವರಿಗೆ ಗುರಮ್ಮಕ್ಕ. ನಮ್ಮ ಕಡೆ ಎಳ್ಳಮಾಸಿ, ಅಂದರೆ ಎಳ್ಳಮಾವಾಸ್ಯೆ, ಮನೆಯೊಳಗೆ ಕೂತು ಉಣ್ಣುವ ಹಬ್ಬವಲ್ಲ. ಹೊಲ ಇದ್ದವರು ಹೊಲ ಇಲ್ಲದವರನ್ನು ಕರೆದುಕೊಂಡು ಹೋಗಬೇಕು. ಜೋಳದ ದಂಟಿನ ಕೊಂಪೆ ಕಟ್ಟಿ, ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜೆ ಮಾಡಿ, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಆಮೇಲೆ ಗಿಡದ ನೆರಳಿಗೆ ಪಂಕ್ತಿ ಹಾಕಬೇಕು. ಅಪ್ಪ ಓಣಿಯನ್ನೆಲ್ಲ ಕರೆಯುತ್ತಿದ್ದರಂತೆ. ಅವ್ವ ಅದನ್ನು ಬಿಡಲಿಲ್ಲ.

ಆ ಹಬ್ಬದ ಅಡಿಗೆಯ ರಾಜ ಭಜ್ಜಿ. ಎಣ್ಣೆಯಲ್ಲಿ ಕರಿದದ್ದು ಎಂದುಕೊಳ್ಳಬೇಡಿ. ಆ ಕಾಲದಲ್ಲಿ ಹೊಲದಲ್ಲಿ ಹಸಿರಾಗಿ ಏನೇನು ಸಿಗುತ್ತದೋ, ಹಸಿ ತೊಗರಿ, ಹಸಿ ಕಡಲೆ, ಬದನೆ, ಗಜ್ಜರಿ, ಹತ್ತು ತರಹದ ಸೊಪ್ಪು, ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ, ಹುಳಿ ಮಜ್ಜಿಗೆ, ಕಡಲೆ ಹಿಟ್ಟು ಕೂಡಿಸಿ ಕುದಿಸಿದ್ದು. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಮಣ್ಣಿನ ಗಡಿಗೆಯಲ್ಲಿ ತಣ್ಣಗಿನ ಅಂಬಲಿ. ಅವ್ವ ಎರಡು ದಿನ ಮೊದಲೇ ರೊಟ್ಟಿ ಬಡಿಯಲು ಕೂತರೆ ಏಳುತ್ತಿರಲಿಲ್ಲ. ಅವಳ ಅಂಗೈ ಕೆಂಪಗೆ ಊದಿಕೊಂಡದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಹಿಂದಿನ ದಿನ ಸಂಜೆ ಓಣಿಯ ಬಾಯಿಗೆ ನಿಂತು ಒಂದೇ ಒಂದು ಕೂಗು ಹಾಕುತ್ತಿದ್ದಳು: "ನಾಳಿಗಿ ಎಲ್ಲಾರೂ ಹೊಲಕ್ಕ ಬರ್ರೆವ್ವಾ!"

ಎಲ್ಲರೂ ಬರುತ್ತಿದ್ದರು. ಬರುವ ಮಾತಿನಲ್ಲಿ ನಮ್ಮ ಓಣಿಯವರು ಎಂದೂ ತಪ್ಪಿದವರಲ್ಲ. ಬರುವಾಗ ಖಾಲಿ ಡಬ್ಬಿ, ಹೋಗುವಾಗ ತುಂಬಿದ ಡಬ್ಬಿ. ಕಿರಾಣಿ ಅಂಗಡಿಯವರ ಹೆಂಡತಿ ಕಾಶೀಬಾಯಿ ಮೂರನೆಯ ಸಲ ಭಜ್ಜಿ ಹಾಕಿಸಿಕೊಂಡು, "ಹ್ವಾದ ವರ್ಷದ್ದು ಛಲೋ ಆಗಿತ್ತ ನೋಡ್ರಿ" ಎನ್ನುತ್ತಿದ್ದಳು. ಮೂಲೆಮನೆಯ ನೀಲಕಂಠ ಮಾಸ್ತರರು ತೇಗಿ, ಗಿಡಕ್ಕೆ ಒರಗಿ, ಮುಂದಿನ ವರ್ಷ ಪಂಕ್ತಿಯನ್ನು ಇನ್ನೂ ಶಿಸ್ತಾಗಿ ಹಾಕುವುದು ಹೇಗೆ ಎಂದು ಅವ್ವನಿಗೆ ಉಪದೇಶ ಮಾಡುತ್ತಿದ್ದರು. ಹೋದ ವರ್ಷದ್ದು ಛಲೋ ಆಗಿತ್ತು ಎಂದು ಹೋದ ವರ್ಷ ಯಾರೂ ಹೇಳಿರಲಿಲ್ಲ ಎಂಬುದು ಬೇರೆ ಮಾತು.

ಅವರನ್ನು ಬೈದು ಏನು ಮಾಡುವುದು? ಮನುಷ್ಯನ ಕೃತಜ್ಞತೆ ಇರುವುದೇ ಹಾಗೆ. ಓಣಿಯವರು ಭಜ್ಜಿಯನ್ನು ಹಂಚಿಕೊಂಡು ಉಂಡರು, ಅದರ ಋಣವನ್ನೂ ಹಂಚಿಕೊಂಡರು; ಒಬ್ಬೊಬ್ಬರ ಪಾಲಿಗೆ ಬಂದದ್ದು ಸಾಸಿವೆಯಷ್ಟು. ಭಜ್ಜಿಯನ್ನು ಮಾತ್ರ ಯಾರೂ ಸಾಸಿವೆಯಷ್ಟು ಉಣ್ಣಲಿಲ್ಲ. ನನ್ನದೇ ತೆಗೆದುಕೊಳ್ಳಿ. ನಮ್ಮ ಬೀದರ ಜಿಲ್ಲೆ ಹೈದರಾಬಾದಿನ ಕೈಬಿಟ್ಟು ಕನ್ನಡದವರ ಜೊತೆ ಕೂಡಿದ ವರ್ಷ ಶಾಲೆಯಲ್ಲಿ ಮಕ್ಕಳಿಗೆಲ್ಲ ಪೇಢೆ ಹಂಚಿದರು. ಎಷ್ಟು ಜನ ಎಷ್ಟು ಕಾಲ ಹೆಣಗಿದ ಫಲವೋ ಅದು. ಅವರಲ್ಲಿ ಒಬ್ಬರ ಹೆಸರು ಹೇಳು ಎಂದರೆ ಟೀಚರಾದ ನಾನೇ ತಡವರಿಸುತ್ತೇನೆ. ಆದರೆ ನನ್ನ ಪೇಢೆ ಮಣ್ಣಿಗೆ ಬಿದ್ದಾಗ ಪಕ್ಕದ ಹುಡುಗಿ ತನ್ನದನ್ನು ಅರ್ಧ ಕಚ್ಚಿ ಉಳಿದರ್ಧ ಕೊಟ್ಟಳಲ್ಲ, ಅವಳ ಹೆಸರು ಶಾಂತಾ. ಎರಡು ಜಡೆ, ಮೂಗಿನ ಮೇಲೊಂದು ಮಚ್ಚೆ. ರಾಜ್ಯ ಕೊಟ್ಟವರನ್ನು ಮರೆತೆ, ಎಂಜಲು ಪೇಢೆ ಕೊಟ್ಟವಳನ್ನು ಮರೆಯಲಿಲ್ಲ.

ಇರಲಿ, ಲಗ್ನದ ಮಾತಿಗೆ ಬರೋಣ. ಆಗ ನಮ್ಮಲ್ಲಿ ಹುಡುಗಿಯನ್ನು ನೋಡಲು ಬರುವ ಮೊದಲು ಗಂಡಿನ ಕಡೆಯ ಹಿರಿಯರೊಬ್ಬರು ಸದ್ದಿಲ್ಲದೆ ಬಂದು ಓಣಿಯಲ್ಲಿ ಚೌಕಶಿ ಮಾಡುತ್ತಿದ್ದರು. ಯಾವುದೋ ಕಟ್ಟೆಯ ಮೇಲೆ ಕೂತು ನೀರು ಕೇಳುವುದು, ಮಳೆ ಬೆಳೆ ಮಾತಾಡುವುದು, ಆಮೇಲೆ ಮೆಲ್ಲಗೆ, "ಆ ಮನಿ ಮಂದಿ ಹ್ಯಾಂಗ್ರಿ?" ಎನ್ನುವುದು. ಗಂಡಸರಿಲ್ಲದ ನಮ್ಮಂಥ ಮನೆಗೆ ಓಣಿಯ ಬಾಯಿಯೇ ಆಧಾರ. ಮೊದಲು ಚಿಟಗುಪ್ಪಾದ ಕಡೆಯಿಂದ ಒಬ್ಬರು ಬಂದರು. ಅವ್ವ ನಿಶ್ಚಿಂತೆಯಿಂದ ಇದ್ದಳು. ವರ್ಷ ವರ್ಷ ಉಂಡವರು ಒಂದು ಒಳ್ಳೆಯ ಮಾತು ಆಡದಿರುತ್ತಾರೆಯೇ?

ಆಡಲಿಲ್ಲ. ಕೆಟ್ಟದ್ದನ್ನೂ ಆಡಲಿಲ್ಲ ಎನ್ನಿ. ಕಾಶೀಬಾಯಿ, "ಇದ್ದಾರ್ರಿ, ಛಲೋನ ಇರಬೇಕು" ಎಂದಳಂತೆ. ಮಾಸ್ತರರು, "ನಮಗೇನ ಅಷ್ಟು ಬಳಕಿ ಇಲ್ರಿ, ಮುಂದಿನ ಮನ್ಯಾಗ ಕೇಳ್ರಿ" ಎಂದರಂತೆ. ಮುಂದಿನ ಮನೆಯವರು ಅದರ ಮುಂದಿನ ಮನೆ ತೋರಿಸಿದರು. ಹಾಗೆ ತೋರಿಸುತ್ತ ತೋರಿಸುತ್ತ ಬಂದವರು ಓಣಿಯ ಕೊನೆಗೆ, ಸಿದ್ದಮ್ಮನ ಮನೆಗೆ ಬಂದು ಮುಟ್ಟಿದರು. ಸಿದ್ದಮ್ಮನನ್ನು ಮಾತ್ರ ಕಾಶೀಬಾಯಿ ಬಂದವರ ಮುಂದೆ ಬಾಯಿ ತುಂಬ ಹೊಗಳಿದ್ದಳು. ಕಾರಣ, ಎಂದೋ ಒಂದು ಸಲ ಕಾಶೀಬಾಯಿಯ ಕೂಸಿಗೆ ಹೊಟ್ಟೆನೋವು ಬಂದಾಗ ಸಿದ್ದಮ್ಮ ಒಂದು ಹಿಡಿ ಅಜವಾನ ಕೊಟ್ಟಿದ್ದಳು. ನನಗೆ ಬಂದ ವರ ಸಿದ್ದಮ್ಮನ ಮಗಳ ಪಾಲಾದ. ಅಷ್ಟು ಅಗ್ಗಕ್ಕೆ ಅಳಿಯ ಸಿಕ್ಕದ್ದನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ.

ನಾನು ತಡೆದುಕೊಂಡೆ. ಅವ್ವನಿಗೆ ಆಗಲಿಲ್ಲ. ಒಲೆಯ ಮುಂದೆ ಕೂತು ಅತ್ತಳು. ಮರುದಿನ ನೇರ ಕಾಶೀಬಾಯಿಯ ಮನೆಗೆ ಹೋಗಿ ಕೇಳಿದಳು. ಹಿಂದೆ ನಾನೂ ಇದ್ದೆ.

"ಕಾಶೀಬಾಯಿ, ನಾ ನಿಮಗೇನ ಕಮ್ಮಿ ಮಾಡೀನಿ? ಒಂದ ಮಾತು ಛಲೋ ಆಡಾಕ ನಿಮ್ಮ ಗಂಟೇನ ಹೋಗ್ತಿತ್ತು?"

ಕಾಶೀಬಾಯಿಗೆ ನಿಜವಾಗಿ ಆಶ್ಚರ್ಯವಾಯಿತು. "ಅಯ್ಯ ಗುರಮ್ಮಕ್ಕಾ, ತಪ್ಪ ತಿಳೀಬ್ಯಾಡ್ರಿ. ಓಣಿ ತುಂಬ ಮಂದಿ ಉಂಡಾರ, ಯಾರರೆ ಹೇಳೇ ಹೇಳ್ತಾರ ಅಂದ್ಕೊಂಡೆ. ನಾ ಒಬ್ಬಾಕಿ ಹೇಳದಿದ್ರ ಏನಾಗ್ತದ?"

"ಮತ್ತ ಸಿದ್ದಮ್ಮಗ ಅಷ್ಟ ಹೊಗಳೀರಲ್ಲ?"

"ಆಕಿ ನನಗ ಮಾಡ್ಯಾಳ್ರಿ" ಎಂದಳು ಕಾಶೀಬಾಯಿ. "ನೀವು ಎಲ್ಲಾರಿಗೂ ಮಾಡೀರಿ."

ಅವ್ವ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡವಳಂತೆ ಮನೆಗೆ ಬಂದಳು. ಅವಳ ತಲೆಯೊಳಗೆ ಏನು ಕುದಿಯುತ್ತಿತ್ತು ಎಂಬುದು ನಮಗೆ ಮುಂದಿನ ಎಳ್ಳಮಾಸಿಯ ತನಕ ತಿಳಿಯಲಿಲ್ಲ.

ಅಷ್ಟರಲ್ಲಿ ಬಸವಕಲ್ಯಾಣದಿಂದ ಇನ್ನೊಂದು ಮಾತು ಬಂತು. ಹುಡುಗ ಶಾಲೆಯ ಮಾಸ್ತರ. ಹುಡುಗಿ ಮುಂದೆ ಓದುತ್ತೇನೆಂದರೆ ಓದಲಿ, ಟೀಚರಾಗಲಿ ಎಂದು ಹೇಳಿ ಕಳಿಸಿದ್ದನಂತೆ. ಮೆಟ್ರಿಕ್ ಮುಗಿಸಿ ಮನೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ನನಗೆ ಆ ಮಾತು ಎಷ್ಟು ಹಿಡಿಸಿತು ಎಂದರೆ, ಹುಡುಗ ಕುಂಟನೋ ಕುರುಡನೋ ಎಂದು ಕೇಳುವುದನ್ನೂ ಮರೆತೆ. ಈ ಸಂಬಂಧವೂ ಚೌಕಶಿಯಲ್ಲಿ ಮುರಿದರೆ ಹುಡುಗಿಯಲ್ಲೇ ಏನೋ ಐಬು ಇದೆ ಎಂದು ಊರು ಆಡಿಕೊಳ್ಳುತ್ತದೆ. ಆಮೇಲೆ ಮೂರನೆಯವರು ಬರುವುದಿಲ್ಲ. ಇದು ಅವ್ವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹಬ್ಬ ಆದ ಮೇಲೆ ಅವರ ಕಡೆಯವರು ಬರುತ್ತಾರೆಂದು ಸುದ್ದಿ ಇತ್ತು.

ಆ ವರ್ಷ ಅವ್ವ ಓಣಿಯ ಬಾಯಿಗೆ ನಿಂತು ಕೂಗಲಿಲ್ಲ. ಒಂದೊಂದೇ ಮನೆಗೆ ಹೋದಳು. ಒಂದು ಮನೆಗೆ ಬೆಳಿಗ್ಗೆ ಹೋದರೆ ಅದರ ಪಕ್ಕದ ಮನೆಗೆ ಮಧ್ಯಾಹ್ನ, ಎದುರು ಮನೆಗೆ ಹಿತ್ತಲ ಬಾಗಿಲಿನಿಂದ. ಎಲ್ಲ ಕಡೆಯೂ ಒಂದೇ ಪಾಠ, ಕಿವಿಯ ಹತ್ತಿರ: "ಈ ಸಲ ಎಲ್ಲಾರಿಗೂ ಕರಿಯಾಕ ಆಗಂಗಿಲ್ಲ. ನಿಮಗಷ್ಟ ಕರದೀನಿ. ಯಾರಿಗೂ ಹೇಳಬ್ಯಾಡ್ರಿ."

ಓಣಿಯ ಬಣ್ಣವೇ ಬದಲಾಯಿತು. ಎಂದೂ ನಮ್ಮ ಕಟ್ಟೆ ಹತ್ತದ ಮಾಸ್ತರರು ಬಂದು, "ಹೊಲಕ್ಕ ಏನರೆ ಒಯ್ಯೋದಿದ್ರ ಹೇಳ್ರಿ ತಂಗಿ" ಎಂದರು. ಕಾಶೀಬಾಯಿ ಅವ್ವನ ಕೈ ಹಿಡಿದುಕೊಂಡು, "ನಿಮ್ಮ ಎಹಸಾನ, ನಿಮ್ಮ ಋಣ ಮರಿಯಂಗಿಲ್ಲ ಅಕ್ಕಾ" ಎಂದಳು. ಅದೇ ಹೊಲ, ಅದೇ ಭಜ್ಜಿ. ಪಕ್ಕದ ಮನೆಯವರಿಗೆ ಸಿಗುವುದಿಲ್ಲ ಎಂಬ ಒಂದು ಒಗ್ಗರಣೆ ಬಿದ್ದದ್ದೇ ತಡ, ಭಜ್ಜಿಗೆ ಕಾಣದ ರುಚಿ ಬಂದಿತ್ತು.

ಹಬ್ಬದ ದಿನ ನಿರ್ಣಾದಿಂದ ಸೋದರಮಾವ ಬಂಡಿ ಕಟ್ಟಿಕೊಂಡು ಬಂದ. ನಾವು ಪೂಜೆ ಮುಗಿಸಿ ಕೊಂಪೆಯ ಮುಂದೆ ಕೂತಿದ್ದೆವು. ಮೊದಲು ಕಾಣಿಸಿದವಳು ಕಾಶೀಬಾಯಿ. ಕೊಡಂಬಲಕ್ಕೆ ತಂಗಿಯ ಮನೆಗೆ ಹೋಗುತ್ತೇನೆಂದು ಓಣಿಗೆಲ್ಲ ಸಾರಿ, ತಲೆಯ ಮೇಲೆ ಸೆರಗು ಮುಚ್ಚಿಕೊಂಡು, ತೊಗರಿ ಸಾಲಿನ ಒಳಗೆ ಬಗ್ಗಿ ಬಗ್ಗಿ ಬಂದಳು. ಎಂದೂ ಖಾಲಿ ಡಬ್ಬಿ ತರುತ್ತಿದ್ದವಳು ಈ ಸಲ ಕೊಬ್ಬರಿ ಬರ್ಫಿ ತುಂಬಿಕೊಂಡು ಬಂದಿದ್ದಳು. ಡಬ್ಬಿಯನ್ನು ಅವ್ವನ ಕೈಗೆ ಕೊಡಬೇಕು, ಅಷ್ಟರಲ್ಲಿ ಹಳ್ಳದ ಕಡೆಯಿಂದ ಧೋತರ ಎತ್ತಿ ಹಿಡಿದು, ಚಪ್ಪಲಿ ಕೈಯಲ್ಲಿ ಹಿಡಿದು ನೀಲಕಂಠ ಮಾಸ್ತರರು ಹತ್ತಿ ಬಂದರು. ಬಗಲಲ್ಲಿ ಅವ್ವನಿಗೆಂದು ಒಂದು ಕುಪ್ಪಸದ ಕಣ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ನೀವ್ಯಾಕ ಬಂದೀರಿ ಮಾಸ್ತರ?"

"ನೀವು ಕೊಡಂಬಲಕ್ಕ ಹೊಂಟೀರಲ್ಲ?"

ಉತ್ತರ ಹೇಳಲು ಇಬ್ಬರಿಗೂ ಬಿಡುವು ಸಿಗಲಿಲ್ಲ. ಬದುವಿನ ಹಿಂದಿನಿಂದ ಒಬ್ಬರು, ಬನ್ನಿ ಗಿಡದ ಮರೆಯಿಂದ ಒಬ್ಬರು, ಕಬ್ಬಿನ ಸಂದಿಯಿಂದ ಮೈಯೆಲ್ಲ ಗೀರಿಕೊಂಡು ಸಿದ್ದಮ್ಮ, ಹೀಗೆ ನೋಡನೋಡುತ್ತ ಇಡೀ ಓಣಿ ಎಲ್ಲ ದಿಕ್ಕಿನಿಂದ ನಮ್ಮ ಹೊಲಕ್ಕೆ ಬಂದು ಸೇರಿತು. ಒಬ್ಬರೂ ದಾರಿ ಹಿಡಿದು ಬರಲಿಲ್ಲ. ಎಲ್ಲರಿಗೂ ಸಾಲುವಷ್ಟು ಅಡಿಗೆ ಮಾಡಿದ್ದ ಅವ್ವ, ಬಂದವರು ಒಬ್ಬರನ್ನೊಬ್ಬರು ನೋಡುತ್ತಾರೆಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಾಶೀಬಾಯಿಯ ಬರ್ಫಿ ಡಬ್ಬಿ ಸೆರಗಿನೊಳಗೆ ವಾಪಸು ಹೋಯಿತು. ಮಾಸ್ತರರ ಕುಪ್ಪಸದ ಕಣ ಯಾವಾಗ ಮಾಯವಾಯಿತೋ ನನಗೆ ಕಾಣಲಿಲ್ಲ. ಕಲ್ಯಾಣದ ಮಾಸ್ತರ, ನನ್ನ ಓದು, ಎಲ್ಲ ಆ ಡಬ್ಬಿಯ ಜೊತೆ ಸೆರಗಿನೊಳಗೆ ಹೋದಂತೆ ಅನಿಸಿತು.

ಸಿಟ್ಟು ಬಂದಿತ್ತು, ನಿಜ. ಆದರೆ ಸಿಟ್ಟಿಗೆ ಯಾರೂ ಊಟ ಬಿಡಲಿಲ್ಲ. ಮುಖ ಗಂಟು ಹಾಕಿಕೊಂಡೇ ಸಾಲಾಗಿ ಕೂತು, ಒಬ್ಬರ ಜೊತೆ ಒಬ್ಬರು ಮಾತಾಡದೆ, ಎಂದಿಗಿಂತ ಎರಡು ರೊಟ್ಟಿ ಹೆಚ್ಚಿಗೇ ಉಂಡರು. ಅವ್ವ ಬಡಿಸುತ್ತ ಹೋದಳು, ತಲೆ ಎತ್ತಲಿಲ್ಲ. ಮನೆಗೆ ಬರುವಾಗ ಬಂಡಿಯಲ್ಲಿ, "ಕೆಡಿಸಿಬಿಟ್ಟೆ ಮಗಳ, ನನ್ನ ಕೈಲೇ ಕೆಡಿಸಿಬಿಟ್ಟೆ" ಎಂದಳು.

ಒಂದು ವಾರವೂ ಆಗಿರಲಿಲ್ಲ, ಕಲ್ಯಾಣದ ಬಸ್ಸಿನಿಂದ ಒಬ್ಬ ಮುದುಕಿ ಇಳಿದಳು. ಹುಡುಗನ ಸೋದರತ್ತೆ, ಚನ್ನಮ್ಮತ್ತಿ. ಅವಳು ಓಣಿಯಲ್ಲಿ ಏನೇನು ಕೇಳಿದಳು ಎಂಬುದನ್ನು ಮುಂದೆ ಅವಳೇ ನನಗೆ ನಕ್ಕೂ ನಕ್ಕೂ ಎಷ್ಟೋ ಸಲ ಹೇಳಿದ್ದಾಳೆ. ಮೊದಲು ಕಾಶೀಬಾಯಿಯ ಕಟ್ಟೆಗೆ ಕೂತು ನೀರು ಕೇಳಿದಳಂತೆ. ಆಮೇಲೆ, "ಆ ಗುರಮ್ಮನ ಮನಿ ಮಂದಿ ಹ್ಯಾಂಗವ್ವಾ?" ಎಂದಳಂತೆ.

ಹಿಂದೆ ಅರ್ಧ ಮಾತಿಗೆ ಸೋತಿದ್ದ ಕಾಶೀಬಾಯಿಯ ಬಾಯಿಗೆ ಈಗ ತಡೆಯೇ ಇರಲಿಲ್ಲ. "ಆಕಿ ಸುದ್ದಿ ಕೇಳಬ್ಯಾಡ್ರಿ! ಮಹಾ ಮೋಸಗಾರ ಹೆಣ್ಣು. ನಿಮಗಷ್ಟ ಕರದೀನಿ ಅಂತ ಕಿವ್ಯಾಗ ಹೇಳಿ ಹೊಲಕ್ಕ ಕರಸ್ಯಾಳ. ಹೋಗಿ ನೋಡಿದ್ರ ಓಣೀಗೆ ಓಣೀನ ಉಣ್ಣಾಕತ್ತದ!"

"ನಿಮಗ ಊಟ ಸಿಗಲಿಲ್ಲೇನು?"

"ಸಿಕ್ತ್ರಿ. ಹೊಟ್ಟಿ ಬಿರಿಯಂಗ ಹಾಕ್ಯಾಳ. ಅದಲ್ಲ ಮಾತು. ಎಲ್ಲಾರಿಗೂ ಹಾಕ್ಯಾಳ!"

ಅಲ್ಲಿಂದ ಮಾಸ್ತರರ ಮನೆ. ಅವರು ಕನ್ನಡಕ ತೆಗೆದು ಒರೆಸಿ, "ಬಾಯಿ ಶುದ್ಧ ಇಲ್ರಿ ಆಕೀದು. ವರ್ಷಾ ಕರೀತಾಳ, ವರ್ಷಾ ಉಣಿಸ್ತಾಳ, ಈ ವರ್ಷ ಮಾತ್ರ ನನಗೊಬ್ಬಗ ಅಂತ ಹೇಳಿ ಎಲ್ಲಾರಿಗೂ ಉಣಿಸ್ಯಾಳ" ಎಂದರಂತೆ. ಈ ಸಲ ಯಾರೂ ಮುಂದಿನ ಮನೆ ತೋರಿಸಲಿಲ್ಲ. ಮುಂದಿನ ಮನೆಯವರೇ ಎದ್ದು ಬಂದು ತಮ್ಮ ದೂರನ್ನೂ ಕೇಳಿಕೊಂಡು ಹೋಗಬೇಕೆಂದು ಮುದುಕಿಯ ಕೈ ಹಿಡಿದು ಎಳೆದರು. ಉಪಕಾರವನ್ನು ಹಂಚಿಕೊಂಡವರು ಅಪಮಾನವನ್ನು ಹಂಚಿಕೊಳ್ಳಲು ತಯಾರಿರಲಿಲ್ಲ. ಅದು ಒಬ್ಬೊಬ್ಬರಿಗೂ ಇಡಿಯಾಗಿಯೇ ಆಗಿತ್ತು.

ಸಂಜೆಗೆ ಚನ್ನಮ್ಮತ್ತಿ ನಮ್ಮ ಬಾಗಿಲಿಗೆ ಬಂದು ನಿಂತಳು. ಅವ್ವ ಕೈ ಮುಗಿದು ನಿಂತಳು. ನಾನು ಒಳಗೆ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದೆ.

"ಬೀಗತಿ, ನನಗೂ ಗುಟ್ಟಾಗಿ ಒಂದ ರೊಟ್ಟಿ ಹಾಕ್ತೀರೇನು?" ಎಂದಳು ಮುದುಕಿ.

ಬೀಗತಿ ಎಂಬ ಮಾತು ಅವ್ವನ ಕಿವಿಗೆ ಬಿದ್ದರೂ ತಲೆಗೆ ಇಳಿಯಲಿಲ್ಲ. ಮುದುಕಿ ಕೂತು ಕಾಲು ಚಾಚಿದಳು. "ನನ್ನ ಜೀವಮಾನದಾಗ ಎಷ್ಟ ಚೌಕಶಿ ಮಾಡೀನಿ. ಛಲೋ ಮಂದಿ ಅಂತ ಹೇಳಿದ್ದ ಕೇಳೀನಿ, ಸುಳ್ಳ ಇರ್ತದ. ಕೆಟ್ಟ ಮಂದಿ ಅಂತ ಹೇಳಿದ್ದ ಕೇಳೀನಿ, ಅದೂ ಸುಳ್ಳ ಇರ್ತದ. ಓಣಿ ಮಂದಿ ಎಲ್ಲಾ ಕೂಡಿ, ಈಕಿ ನಮಗೆಲ್ಲಾರಿಗೂ ಉಣಿಸ್ಯಾಳ ಅಂತ ಬೈಯೋದು ಇವತ್ತ ಕೇಳಿದೆ ನೋಡವ್ವಾ. ಇಂಥಾ ದೂರು ನಮ್ಮ ಮನೀಗೂ ಬರಲಿ. ಹುಡುಗಿನ್ನ ಕರಿ."

ಅವ್ವ ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟಳು. ಅವಳು ಅಷ್ಟು ಜೋರಾಗಿ ನಕ್ಕದ್ದನ್ನು ಅಪ್ಪ ಹೋದ ಮೇಲೆ ನಾನು ಕೇಳಿದ್ದು ಅದೇ ಮೊದಲು.

ಲಗ್ನ ಗೊತ್ತಾದ ಸುದ್ದಿ ಹಬ್ಬಿದ್ದೇ ತಡ, ಓಣಿಗೆ ಮತ್ತೊಂದು ಜ್ಞಾನೋದಯವಾಯಿತು. ಕಾಶೀಬಾಯಿ ಬರ್ಫಿ ಡಬ್ಬಿ ಹಿಡಿದು ಬಂದಳು, ಅದೇ ಬರ್ಫಿಯೋ ಹೊಸದೋ ದೇವರೇ ಬಲ್ಲ. ಅವ್ವನನ್ನು ಮೂಲೆಗೆ ಕರೆದು, "ಅಕ್ಕಾ, ಆ ಮುದುಕಿ ಮೊದಲ ನನ್ನ ಕಟ್ಟೀಗೆ ಕುಂತಿದ್ಲು. ನನ್ನ ಮಾತಿಲೇ ಕೂಡಿ ಬಂತ ನೋಡ್ರಿ" ಎಂದಳು. ಮಧ್ಯಾಹ್ನ ಮಾಸ್ತರರು ಬಂದು ಅದನ್ನೇ ಹೇಳಿದರು. ಸಿದ್ದಮ್ಮ ಹಿತ್ತಲಿನಿಂದ ಬಂದು ಹೇಳಿದಳು. ಉಂಡ ಋಣದಲ್ಲಿ ಸಾಸಿವೆಯಷ್ಟು ಪಾಲು ತೆಗೆದುಕೊಂಡವರು ಲಗ್ನ ಕೂಡಿಸಿದ ಪುಣ್ಯವನ್ನು ಮಾತ್ರ ಯಾರ ಜೊತೆಗೂ ಹಂಚಿಕೊಳ್ಳಲು ಒಪ್ಪಲಿಲ್ಲ. ಅವ್ವ ಒಬ್ಬೊಬ್ಬರ ಕೈಯನ್ನೂ ಎರಡೂ ಕೈಯಲ್ಲಿ ಹಿಡಿದುಕೊಂಡು, ಸ್ವಲ್ಪವೂ ನಗದೆ, "ಹೌದ್ರಿ, ನಿಮ್ಮಿಂದನ ಆತು. ಯಾರಿಗೂ ಹೇಳಬ್ಯಾಡ್ರಿ" ಎಂದು ಕಳಿಸಿದಳು. ಎಲ್ಲರೂ ತೃಪ್ತಿಯಿಂದ ಮನೆಗೆ ಹೋದರು.

ನಾನು ಕಲ್ಯಾಣಕ್ಕೆ ಹೊರಟ ದಿನ ಹೊರಗೆ ಬಸ್ಸಿಗೆ ಹೊತ್ತಾಯಿತೆಂದು ಎಲ್ಲರೂ ಕೂಗುತ್ತಿದ್ದರು. ಅವ್ವ ನನ್ನನ್ನು ಅಡಿಗೆ ಮನೆಯ ಬಾಗಿಲ ಹಿಂದಕ್ಕೆ ಎಳೆದು, ಒಂದು ಸಣ್ಣ ಹಿತ್ತಾಳೆ ಡಬ್ಬಿಯನ್ನು ಕೈಗಿಟ್ಟಳು. ನನಗೆ ಜೀವವಾಗಿದ್ದ ಅಗಸೆ ಹಿಂಡಿ, ಅಂದರೆ ಅಗಸೆ ಬೀಜದ ಚಟ್ನಿಪುಡಿ. "ನಿನಗಷ್ಟ ಮಾಡೀನಿ" ಎಂದಳು. "ಸುಮಿತ್ರಾಗ ಹೇಳಬ್ಯಾಡ."

ಅವಳ ಹಿಂದೆ ಗೋಡೆಯ ಗೂಡಿನಲ್ಲಿ ಅಂಥದ್ದೇ ಇನ್ನೊಂದು ಡಬ್ಬಿ ಇತ್ತು. ನನಗೆ ಕಾಣಿಸಿತು. ನನಗೆ ಕಾಣಿಸಿದ್ದು ಅವ್ವನಿಗೂ ಕಾಣಿಸಿತು. ಆ ಮಾತನ್ನು ಅವಳು ಓಣಿಯಲ್ಲಿ ಯಾರ ಯಾರಿಗೆ ಹೇಳಿದ್ದಳು, ಹೇಗೆ ಹೇಳಿದ್ದಳು ಎಂಬುದೆಲ್ಲ ನನಗೆ ಗೊತ್ತಿತ್ತು. ಆದರೂ ಡಬ್ಬಿಯನ್ನು ಎದೆಗೆ ಒತ್ತಿಕೊಂಡು, ಬಿಕ್ಕಿ ಬಿಕ್ಕಿ ಅಳುತ್ತ, "ಇಲ್ಲವ್ವಾ, ಯಾರಿಗೂ ಹೇಳಂಗಿಲ್ಲ" ಎಂದೆ.